ಹಂಡೆ ಒಲೆಯ ಕಳ್ಳಗಾಳಿ: ನನ್ನ ಅನುಭವ

ಉಡುಪಿಯ ನಮ್ಮ ಮನೆಯಲ್ಲಿ ಸ್ನಾನದ ನೀರಿಗೆ ಇವತ್ತಿಗೂ ಹಂಡೆ ಒಲೆಯೇ. ಮಡಲು, ಕೊತ್ತಳಿಂಗೆ, ತೆಂಗಿನ ಸಿಪ್ಪೆ ತೋಟದಲ್ಲಿ ಬೇಕಾದಷ್ಟು ಬೀಳುವಾಗ ಕರೆಂಟಿಗೆ ದುಡ್ಡು ಸುರಿಯಲು ಮನಸ್ಸು ಬರುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ಒಲೆ, ಮೇಲೆ ತಾಮ್ರದ ಹಂಡೆ, ಹಿಂದಿನಿಂದ ಮಾಡಿನ ಆಚೆಗೆ ಹೋಗುವ ತಗಡಿನ ಹೊಗೆಪೈಪು. ಬರಬರುತ್ತಾ ನೀರು ಕಾಯಲು ವಿಪರೀತ ಹೊತ್ತು ಹಿಡಿಯತೊಡಗಿತು. ಹೊಗೆ ಪೈಪು ಬಿಟ್ಟು ಬಚ್ಚಲಿಗೆ ಬರುತ್ತಿತ್ತು. ಅಮ್ಮನಿಗೆ ಕೆಮ್ಮು ಶುರುವಾಯಿತು. "ಸೌದೆ ಹಸಿ ಇರಬೇಕು ಮಾರಾಯಾ" ಅಂತ ಎಲ್ಲರೂ ಹೇಳಿದರು. ಸೌದೆ ಬೇಸಿಗೆಯಲ್ಲೇ ಒಣಗಿಸಿ ಇಟ್ಟದ್ದು. ಮುರಿದರೆ ಚಟ್ ಅನ್ನುತ್ತಿತ್ತು. ತೊಂದರೆ ಇದ್ದದ್ದು ಗಾಳಿಯಲ್ಲಿ.

ಒಲೆ ಹೊಗೆ ಎಳೆಯುವುದು ಪೈಪಿನೊಳಗಿನ ಬಿಸಿಯಿಂದ. ಬಿಸಿ ಹೊಗೆ ಹಗುರ, ಹಾಗಾಗಿ ಮೇಲೇರುತ್ತದೆ. ಏರುವಾಗ ಕೆಳಗಿನಿಂದ ಹೊಸ ಗಾಳಿ ಎಳೆದುಕೊಳ್ಳುತ್ತದೆ. ಆ ಗಾಳಿ ಕೆಂಡದ ಮೂಲಕ ಬಂದರೆ ಬೆಂಕಿಗೆ ಉಪಯೋಗ. ಬೆಂಕಿ ದಾಟಿದ ಮೇಲೆ ಯಾವುದೋ ಬಿರುಕಿನಿಂದ ನುಗ್ಗಿದರೆ ಅದು ಕಳ್ಳಗಾಳಿ, ಸುಮ್ನೆ ಹೊಗೆಯನ್ನು ತಣ್ಣಗೆ ಮಾಡುತ್ತದೆ, ಅಷ್ಟೇ. ಹೊಗೆ ತಣ್ಣಗಾದರೆ ಎಳೆತ ಕಡಿಮೆ, ಎಳೆತ ಕಡಿಮೆಯಾದರೆ ಕೆಂಡಕ್ಕೆ ಗಾಳಿ ಸಾಲದು, ಹೊಗೆ ಇನ್ನೂ ಜಾಸ್ತಿ. ಸ್ಟ್ರಾ ನಡುವೆ ಒಡೆದಿದ್ದರೆ ಬೊಂಡದ ನೀರು ಮೇಲೆ ಬರುವುದಿಲ್ಲ ಅಲ್ವಾ, ಹಾಗೆ. ಪೆಲೆಟ್ (ಮರದ ಹುಡಿ ಒತ್ತಿ ಮಾಡಿದ ಗುಳಿಗೆ) ಹಾಕುವ ಫ್ಯಾನ್ ಒಲೆಗಳಲ್ಲೂ ಬೂದಿ ಬಾಗಿಲಿನ ಸಂದು ಮುಚ್ಚುವ ಗ್ಯಾಸ್ಕೆಟ್ ಸಡಿಲವಾದರೆ ಬೆಂಕಿ ಕೆಡುತ್ತದೆ. ಗಾಳಿ ಬರಬೇಕಾದ ದಾರಿ ಬಿಟ್ಟು ಬೇರೆ ಕಡೆಯಿಂದ ಬರುವುದೇ ಕಾರಣ.

ಹುಡುಕಲು ಒಂದು ಊದುಬತ್ತಿ ಸಾಕು. ಒಲೆ ಚೆನ್ನಾಗಿ ಉರಿಯುವಾಗ, ಹೊರಗೆ ಗಾಳಿ ಇಲ್ಲದ ಹೊತ್ತಿನಲ್ಲಿ, ಬತ್ತಿಯನ್ನು ಪ್ರತಿ ಸಂದಿನ ಹತ್ತಿರ ನಿಧಾನವಾಗಿ ಸರಿಸುತ್ತಾ ಹೋದೆ. ಹಂಡೆಯ ಕಂಠದ ಮುಂಭಾಗದಲ್ಲಿ ಹೊಗೆಯ ಎಳೆ ನೆಟ್ಟಗೆ ಮೇಲೆ ಹೋಗುತ್ತಿತ್ತು. ಹಿಂಭಾಗಕ್ಕೆ ಬಂದದ್ದೇ ತಡ, ಎಳೆ ಅಡ್ಡಕ್ಕೆ ಬಾಗಿ ಒಲೆಯ ಕಲ್ಲಿನ ಬಿರುಕಿನೊಳಗೆ ಮಾಯವಾಯಿತು. ಅಲ್ಲೊಂದು ಇದ್ದಿಲ ಗುರುತು ಹಾಕಿದೆ. ಒಲೆ ಆರಿದ ಮೇಲೆ ಪೈಪು ಬಿಚ್ಚಿ, ಕತ್ತಲಲ್ಲಿ ಒಳಗೆ ಟಾರ್ಚ್ ಹಿಡಿದೆ. ತಗಡಿನ ಜೋಡಣೆಯ ಉದ್ದಕ್ಕೂ ಬೆಳಕಿನ ಚುಕ್ಕೆಗಳು. ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದು ತೂತಾಗಿತ್ತು. ಅದನ್ನು ತೇಪೆ ಹಾಕಲು ಹೋಗದೆ ಹೊಸ ಪೈಪೇ ತಂದೆ. ಜೋಡಿಸುವಾಗ ಒಂದು ವಿಷಯ: ಮೇಲಿನ ಪೈಪಿನ ತುದಿ ಕೆಳಗಿನದರ ಒಳಗೆ ಕೂರಬೇಕು. ಆಗ ಮಸಿನೀರು ಒಳಗಿಂದೊಳಗೇ ಇಳಿಯುತ್ತದೆ, ಗೋಡೆಗೆ ಸುರಿಯುವುದಿಲ್ಲ.

ಬಿರುಕಿಗೆ ಮೊದಲು ಯಾರೋ ಸಿಮೆಂಟು ಮೆತ್ತಿದ್ದರು. ಅದು ಒಲೆಗೆ ಆಗಿಬರುವುದಿಲ್ಲ. ಬಿಸಿಗೆ ಸಿಮೆಂಟಿನೊಳಗಿನ ನೀರಿನಂಶ ಹೋಗಿ ಅದು ಪುಡಿಪುಡಿಯಾಗುತ್ತದೆ. ಉಳಿಯಿಂದ ಪೂರ್ತಿ ಕೆತ್ತಿ ತೆಗೆದೆ. ಬರೀ ಆವೆಮಣ್ಣು (ಜೇಡಿಮಣ್ಣು) ತುಂಬಿದರೂ ಪ್ರಯೋಜನ ಇಲ್ಲ, ಒಣಗುವಾಗ ಕುಗ್ಗಿ ಮತ್ತೆ ಬಿರಿಯುತ್ತದೆ. ಅದಕ್ಕೆ ಬೇಕಾದದ್ದು ಹಂಚಿನ ಹುಡಿ. ಒಮ್ಮೆ ಸುಟ್ಟ ಮಣ್ಣು ಮತ್ತೆ ಕುಗ್ಗುವುದಿಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮ ಕಡೆ ಒಡೆದ ಹಂಚಿಗೆ ಬರಗಾಲವೇ ಇಲ್ಲ. ಹಿತ್ತಲಲ್ಲಿ ರಾಶಿ ಬಿದ್ದದ್ದನ್ನೇ ಕುಟ್ಟಿ ಜರಡಿ ಹಿಡಿದೆ. ಒಂದು ಪಾಲು ಆವೆಮಣ್ಣಿಗೆ ಎರಡು ಪಾಲು ಹುಡಿ. ನೀರು ಆದಷ್ಟು ಕಡಿಮೆ: ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಕೈಗೆ ಅಂಟಬಾರದು.

ತುಂಬುವ ಮೊದಲು ಸಂದಿನ ಮಸಿ ಉಜ್ಜಿ, ಕಲ್ಲಿಗೆ ಚೆನ್ನಾಗಿ ನೀರು ಚಿಮುಕಿಸಬೇಕು. ಮುರಕಲ್ಲು ತೂತು ತೂತು ಕಲ್ಲು, ಒಣಗಿದ್ದರೆ ಮಣ್ಣಿನ ನೀರನ್ನೆಲ್ಲ ಕುಡಿದುಬಿಡುತ್ತದೆ, ಮಣ್ಣು ಹಿಡಿಯುವುದಿಲ್ಲ. ಹೆಬ್ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಒಳಗೆ ಒತ್ತುತ್ತಾ ಬಂದೆ. ನೆರಳಲ್ಲಿ ಒಣಗಿದ ಮೇಲೆ ಕೂದಲಿನಷ್ಟು ಸಣ್ಣ ಬಿರುಕು ಕಂಡಲ್ಲಿ ಅದೇ ಮಣ್ಣನ್ನು ತೆಳ್ಳಗೆ ಕಲಸಿ ಬಟ್ಟೆಯಿಂದ ಉಜ್ಜಿದೆ. ಮೊದಲಿಗೆ ಸಣ್ಣ ಬೆಂಕಿ ಮಾತ್ರ. ಒಮ್ಮೆಲೇ ಜೋರು ಉರಿ ಕೊಟ್ಟರೆ ಒಳಗಿನ ನೀರು ಆವಿಯಾಗಿ ಮಣ್ಣು ಕಿತ್ತು ಬರುತ್ತದೆ.

ಹಂಡೆ ಮತ್ತು ಕಲ್ಲಿನ ನಡುವೆ ಮಾತ್ರ ಮಣ್ಣು ಹಾಕಲಿಲ್ಲ. ತಾಮ್ರ ಬಿಸಿಗೆ ಹಿಗ್ಗುತ್ತದೆ, ಗಟ್ಟಿ ವಸ್ತು ಏನಿದ್ದರೂ ಒಡೆಯುತ್ತದೆ. ಅಲ್ಲಿಗೆ ಮಂಗಳೂರು ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ ತಂದ ಗ್ಲಾಸ್ ಫೈಬರ್ ಹಗ್ಗವನ್ನು ಸುತ್ತ ಕೂರಿಸಿ, ಅದರ ಮೇಲೆ ಹಂಡೆ ಇಟ್ಟೆ. ಹಂಡೆಯ ಭಾರಕ್ಕೆ ಹಗ್ಗ ಅಮುಕಿ ಸಂದು ತಾನಾಗಿ ಮುಚ್ಚುತ್ತದೆ. ಆಸ್‌ಬೆಸ್ಟಸ್ ಹಗ್ಗ ಕೊಟ್ಟರೆ ದಯವಿಟ್ಟು ಬೇಡ ಅನ್ನಿ, ಅದರ ನಾರು ಶ್ವಾಸಕೋಶಕ್ಕೆ ಕೇಡು. ಗ್ಲಾಸ್ ಫೈಬರ್ ಕತ್ತರಿಸುವಾಗಲೂ ಕೈಗವಸು ಇರಲಿ, ತುರಿಸುತ್ತದೆ.

ಒಲೆ ಬಿಗಿ ಮಾಡುವ ಹುಮ್ಮಸ್ಸಿನಲ್ಲಿ ಬಚ್ಚಲಿನ ಕಿಂಡಿ ಮುಚ್ಚಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮುಚ್ಚಿದ ಬಚ್ಚಲಿನಲ್ಲಿ ಅದು ಜೀವ ತೆಗೆಯುತ್ತದೆ. ಕೆಂಡದ ಕೆಳಗಿನ ಗಾಳಿದಾರಿಯನ್ನೂ ಮುಟ್ಟಬಾರದು, ಬೂದಿ ತೆಗೆದು ತೆರೆದೇ ಇಡಬೇಕು.

ಈಗ ಬೆಂಕಿ ಹೊತ್ತಿಸಿದ ಸ್ವಲ್ಪ ಹೊತ್ತಿಗೇ ಉರಿ ಹಿಂದಕ್ಕೆ, ಪೈಪಿನ ಕಡೆಗೆ ಬಾಗುತ್ತದೆ. ಸೌದೆ ಕಡಿಮೆ ಸಾಕು, ಹಂಡೆಯ ತಳದಲ್ಲಿ ಮಸಿಯೂ ಕಡಿಮೆ. ಅಮ್ಮ ಬಚ್ಚಲಿನಲ್ಲಿ ಕೆಮ್ಮುವುದು ನಿಂತಿದೆ. ಮಾಡುವುದಿದ್ದರೆ ಮಳೆ ಹೋದ ಮೇಲೆ ಮಾಡಿ, ಮಳೆಗಾಲದಲ್ಲಿ ಮಣ್ಣು ಒಣಗುವುದಿಲ್ಲ. ದೀಪಾವಳಿಗೆ ನೀರು ತುಂಬಿಸುವ ಮೊದಲು ಹೇಗೂ ಹಂಡೆ ಇಳಿಸಿ ತಿಕ್ಕುತ್ತೇವಲ್ಲ, ಹಗ್ಗ ಚಪ್ಪಟೆಯಾಗಿದೆಯಾ ಅಂತ ಆಗಲೇ ನೋಡಿ ಬದಲಿಸಿದರಾಯಿತು.