ಬಟ್ಟೆ ಬೀರುವಿನ ಮುಂದೆ ಒಂದು ಟೇಕ್

ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋದಾದರೆ ಮೊದಲು ಫ್ಯಾನ್ ನಿಲ್ಲಿಸಿ. ಮೂರು ವರ್ಷ ನಾನು ಮೈಕನ್ನೇ ಬೈದುಕೊಂಡಿದ್ದೆ. ಗುಂಯ್ ಅಂತಿದ್ದದ್ದು ತಲೆ ಮೇಲಿನ ಫ್ಯಾನು.

ಆಮೇಲೆ ಬಟ್ಟೆ ಬೀರುವಿನ ಬಾಗಿಲು ಪೂರ್ತಿ ತೆರೆದು, ಅದಕ್ಕೆ ಬೆನ್ನು ಹಾಕಿ ನಿಂತು ಹಾಡಿ. ಬೀರುವಿಗೆ ಮುಖ ಮಾಡಬೇಡಿ. ಕಾರ್ಡಿಯಾಯ್ಡ್ ಮೈಕು ಎದುರಿನಿಂದ ಬಂದದ್ದನ್ನೇ ಹೆಚ್ಚು ಹಿಡಿಯುತ್ತೆ, ಅಂದರೆ ನಿಮ್ಮ ಬೆನ್ನ ಹಿಂದಿನ ಗೋಡೆಗೆ ಬಡಿದು ವಾಪಸಾಗುವ ದನಿಯನ್ನೂ. ಅದನ್ನು ನುಂಗೋದು ಬಟ್ಟೆಗಳ ಕೆಲಸ. ಎಲ್ಲರೂ ಅಂಟಿಸುವ ತೆಳು ಫೋಮ್ ಮೇಲೆ ನನಗೆ ನಂಬಿಕೆಯಿಲ್ಲ. ಕೀಚಲನ್ನಷ್ಟೇ ತಗ್ಗಿಸುತ್ತೆ, ಕೆಳಗಿನ ಗುಂಗು ಹಾಗೇ ಉಳಿಯುತ್ತೆ.

ಬಾಯಿಗೂ ಮೈಕಿಗೂ ಒಂದು ಗೇಣು ಇರಲಿ. ಹತ್ತಿರ ಹೋದಷ್ಟೂ ಬೇಸ್ ಉಬ್ಬುತ್ತೆ. ಗತ್ತು ಬರುತ್ತೆ, ಸಾಹಿತ್ಯ ಅರ್ಥವಾಗೋಲ್ಲ. ಮೈಕನ್ನು ತುಸು ಓರೆಯಾಗಿಟ್ಟರೆ ‘ಪ’, ‘ಭ’ ಬಂದಾಗ ಉಸಿರು ಬಡಿಯೋದೂ ಕಡಿಮೆ. ಗಿಟಾರಿಗಾದರೆ ತೂತಿನ ಎದುರು ಬೇಡ, 12ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಕಡೆ ತಿರುಗಿಸಿ.

ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ಹಿಗ್ಗಿಸಬೇಕು ಅನ್ನೋದನ್ನು ಹೊಂದಿಸುವಾಗ "ಹಲೋ, ಹಲೋ" ಅನ್ನಬೇಡಿ. ಹಾಡಿನ ಅತಿ ಜೋರಾದ ಸಾಲನ್ನೇ ಪೂರ್ತಿ ದನಿಯಲ್ಲಿ ಹಾಡಿ (ಪಕ್ಕದ ಮನೆಯವರು ಏನಂದುಕೊಂಡರೂ ಸರಿ). ಮೀಟರು ಮೈನಸ್ 10 ಡೆಸಿಬೆಲ್ ಆಸುಪಾಸು ನಿಂತರೆ ಸಾಕು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ತಗ್ಗಿದ್ದನ್ನು ಆಮೇಲೆ ಏರಿಸಬಹುದು. ಮಿತಿ ಮೀರಿ ಒಡೆದ ದನಿ ಒಡೆದದ್ದೇ.

ಹೆಡ್‌ಫೋನಿನಲ್ಲಿ ನಿಮ್ಮ ದನಿ ತಡವಾಗಿ ಕೇಳಿದರೆ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಬಫರನ್ನು (ಕಂಪ್ಯೂಟರು ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ದನಿಯ ತುಣುಕು) 128 ಸ್ಯಾಂಪಲ್‌ಗೆ ಇಳಿಸಿ, ಮಿಕ್ಸಿಂಗಿಗೆ, ಅಂದರೆ ದನಿಗಳನ್ನೆಲ್ಲ ಹದವಾಗಿ ಬೆರೆಸೋದಕ್ಕೆ ಕೂತಾಗ ಮತ್ತೆ ಏರಿಸಿ.

ಮಿಕ್ಸಿಂಗು ಅದೇ ರಾತ್ರಿ ಮಾತ್ರ ಬೇಡ. ದಣಿದ ಕಿವಿಗೆ ಎಲ್ಲವೂ ಮಂಕು, ಟ್ರೆಬಲ್ ಏರಿಸುತ್ತಲೇ ಹೋಗ್ತೀರಿ. ಟೇಕು ಚೆನ್ನಾಗಿದ್ದರೆ ಸಣ್ಣಪುಟ್ಟ ಸದ್ದು ಕ್ಷಮಿಸಿ. ನನ್ನ ಒಳ್ಳೆಯ ಹಾಡೊಂದರ ಎರಡನೇ ಚರಣದಲ್ಲಿ ಕುರ್ಚಿ ಕಿರುಗುಟ್ಟಿದೆ. ಅಳಿಸಿಲ್ಲ.