ಪಂಚಮಿಗೆ ಬೀಜ, ಕಾರಹುಣ್ಣಿಮೆಗೆ ಸಸಿ: ಮನೆಯಲ್ಲೇ ಬೆಳೆಸಿ ಕಂಬದ ಅಶೋಕ

ಹುಬ್ಬಳ್ಳಿ-ಧಾರವಾಡದಲ್ಲಿ ಕಾಂಪೌಂಡಿನ ಗುಂಟ ಸಾಲಾಗಿ ನಿಂತ, ಎಲೆ ಇಳಿಬಿಟ್ಟ ಕಂಬದಂಥ ಮರಗಳನ್ನು ನೋಡಿರುತ್ತೀರಿ. ಅದೇ ಕಂಬದ ಅಶೋಕ. ಮದ್ರಾಸ್ ಅಶೋಕ ಅಂತಲೂ ಕರೆಯುತ್ತಾರೆ. ಕಿತ್ತಳೆ-ಕೆಂಪು ಹೂಗೊಂಚಲಿನ ಸೀತಾ ಅಶೋಕ ಬೇರೆ ಮರ. ಇದರ ಹೂವು ತಿಳಿಹಸಿರು, ಎಲೆಗಳ ನಡುವೆ ಕಾಣುವುದೇ ಕಡಿಮೆ. ಆದರೆ ವರ್ಷವಿಡೀ ಹಸಿರಾಗಿರುತ್ತದೆ, ಸಣ್ಣ ಸೈಟಿಗೂ ಹೊಂದುತ್ತದೆ. ನೆರಳು ಬೇಕಿದ್ದರೆ ಹೊಂಗೆ ಹಚ್ಚಿ. ಅದು ಇದರಿಂದ ಆಗುವ ಕೆಲಸವಲ್ಲ.

ಬೀಜದಿಂದ ಬೆಳೆಸುವುದು ಕಷ್ಟವಿಲ್ಲ. ಬೀಜ ಒಣಗಬಾರದು, ಅಷ್ಟೇ. ನಾನು ಮೊದಲ ಸಲ ಅವರೆ ಬೀಜದಂತೆ ಇದನ್ನೂ ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿಟ್ಟೆ. ದೀಪಾವಳಿ ಆದ ಮೇಲೆ ಊರಿದೆ. ಒಂದೂ ಮೊಳೆಯಲಿಲ್ಲ. ಬಹಳ ಬೇಜಾರಾಯಿತು. ಕಾಳಿನ ಬೀಜ ಒಣಗಿದರೆ ಬಾಳಿಕೆ ಬರುತ್ತದೆ, ಅಶೋಕದ ಬೀಜ ಒಣಗಿದರೆ ಸಾಯುತ್ತದೆ.

ಹಣ್ಣು ಆಗುವುದು ಮಳೆಗಾಲದಲ್ಲಿ. ಪಂಚಮಿ ಆಸುಪಾಸು ಮರದ ಕೆಳಗೆ ನೋಡಿ. ಹಸಿರು ಕಾಯಿ ಬೇಡ, ಕಪ್ಪು-ನೇರಳೆ ಬಣ್ಣಕ್ಕೆ ತಿರುಗಿದ ಹಣ್ಣು ಆರಿಸಿ. ಬಾವಲಿಗಳು ರಾತ್ರಿ ತಿರುಳು ತಿಂದು ಬೀಜ ಉದುರಿಸಿರುತ್ತವೆ. ಅವೂ ನಡೆಯುತ್ತವೆ, ತೊಳೆಯುವ ಕೆಲಸ ಅರ್ಧ ಮುಗಿದಂತೆ. ಒಂದು ಹಣ್ಣಿಗೆ ಸಾಮಾನ್ಯವಾಗಿ ಒಂದೇ ಬೀಜ.

ತಿರುಳನ್ನು ಅದೇ ದಿನ ಉಜ್ಜಿ ತೊಳೆಯಿರಿ. ಉಳಿದರೆ ಬೂಷ್ಟು ಹಿಡಿಯುತ್ತದೆ, ಇರುವೆ ಬರುತ್ತವೆ. ಬಕೆಟ್ ನೀರಿಗೆ ಹಾಕಿ, ತೇಲುವ ಬೀಜ ಬಿಟ್ಟು ಮುಳುಗಿದ್ದನ್ನು ಇಟ್ಟುಕೊಳ್ಳಿ. ಸಾಧ್ಯವಾದರೆ ಅಂದೇ ಊರಿ. ಆಗದಿದ್ದರೆ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಎರಡು-ಮೂರು ದಿನ ಇಡಬಹುದು, ಅದಕ್ಕಿಂತ ಜಾಸ್ತಿ ಬೇಡ.

ಮಡಿಯಲ್ಲಿ ಎಬ್ಬಿಸಿ ಆಮೇಲೆ ಕಿತ್ತು ಹಚ್ಚುವುದು ನನಗೆ ಸರಿ ಅನ್ನಿಸುವುದಿಲ್ಲ. ಇದರ ತಾಯಿಬೇರು ಉದ್ದಕ್ಕೆ ಇಳಿಯುತ್ತದೆ, ಕೀಳುವಾಗ ತುಂಡಾಗುತ್ತದೆ. ನೇರವಾಗಿ ಚೀಲಕ್ಕೇ ಊರಿ. ಎತ್ತರದ ಚೀಲ ಇರಲಿ, ತಳದಲ್ಲಿ ತೂತು ಇರಲಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ತುಂಬಿ. ಬರೀ ಎರೆಮಣ್ಣು ಬೇಡ, ನೀರು ನಿಂತು ಬೀಜ ಕೊಳೆಯುತ್ತದೆ. ಬೀಜವನ್ನು ಅಡ್ಡ ಮಲಗಿಸಿ, ಮೇಲೆ ಬೆರಳಿನ ಒಂದು ಗೆಣ್ಣಿನಷ್ಟು ಮಣ್ಣು ಸಾಕು.

ಚೀಲಗಳನ್ನು ನೆರಳಲ್ಲಿಡಿ. ಮಳೆ ಬಿಡುವು ಕೊಟ್ಟಾಗ ಮಾತ್ರ ನೀರು. ಮೊಳಕೆಗೆ ಕೆಲವು ವಾರ ಬೇಕು, ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಸುಮ್ನೆ ಕೆದಕಿ ನೋಡಬೇಡಿ. ಶೀಗಿ ಹುಣ್ಣಿಮೆ ದಾಟಿದ ಮೇಲೆ ಬೆಳಗಿನ ಬಿಸಿಲಿಗೆ ರೂಢಿ ಮಾಡಿಸಿ. ತಿಂಗಳಿಗೊಮ್ಮೆ ಚೀಲ ಎತ್ತಿ ಜಾಗ ಬದಲಿಸಿ, ಇಲ್ಲವಾದರೆ ಬೇರು ತೂತಿನಿಂದ ನೆಲಕ್ಕೆ ಇಳಿದುಬಿಡುತ್ತದೆ.

ಮುಂದಿನ ಕಾರಹುಣ್ಣಿಮೆ ಹೊತ್ತಿಗೆ, ನೆಲ ಚೆನ್ನಾಗಿ ತೊಯ್ದ ಮೇಲೆ ಹಚ್ಚಿ. ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಗಿಡದಿಂದ ಗಿಡಕ್ಕೆ ಆರೆಂಟು ಅಡಿ, ಗೋಡೆಯಿಂದ ಐದಾರು ಅಡಿ ಬಿಡಿ. ಕರೆಂಟ್ ತಂತಿಯ ಕೆಳಗೆ ಮಾತ್ರ ಬೇಡ. ಮುಂದೆ ತುದಿ ಕಡಿಯಬೇಕಾಗುತ್ತದೆ, ಕಡಿದರೆ ಆ ಕಂಬದ ಅಂದವೇ ಹೋಗುತ್ತದೆ ಅಲ್ವಾ? ಹುಬ್ಬಳ್ಳಿ ಕಡೆಯ ಎರೆನೆಲವಾದರೆ ಗುಂಡಿಗೆ ಕೆಂಪು ಮಣ್ಣು, ಉಸುಕು ಬೆರೆಸಿ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟು ಎಳೆಬೇರು ಹರಿಯುತ್ತದೆ. ಅದಕ್ಕೇ ಮೊದಲ ಎರಡು ಬೇಸಿಗೆ ಬುಡಕ್ಕೆ ಒಣ ಎಲೆ ಹೊದಿಸಿ, ವಾರಕ್ಕೆರಡು ಸಲ ಒಂದೊಂದು ಕೊಡ ನೀರು ಹಾಕಿ.