ಇಂಟರ್‌ನೆಟ್‌ಗೆ ಜೋಡಿಸಿದ ಹೀಟ್ ಪಂಪ್: ಸೇವಾ ವ್ಯಾಪಾರ ಶುರುಮಾಡುವ ಕ್ರಮ

ಹೀಟ್ ಪಂಪ್ ಎಂದರೆ ಹೊರಗಿನ ಗಾಳಿಯ ಅಥವಾ ನೆಲದ ಶಾಖವನ್ನು ವಿದ್ಯುತ್ತಿನಿಂದ ಎಳೆದು ನೀರು ಕಾಯಿಸುವ ಯಂತ್ರ. ಇಂಟರ್‌ನೆಟ್‌ಗೆ ಜೋಡಿಸಿದ ಇಂಥ ಯಂತ್ರಗಳಿಂದ ಹಣ ಬರುವ ದಾರಿ ಮುಖ್ಯವಾಗಿ ಎರಡು. ದೂರದಿಂದಲೇ ನಿಗಾ ಇಟ್ಟು ನಿರ್ವಹಿಸುವ ವಾರ್ಷಿಕ ಒಪ್ಪಂದ ಒಂದು. ಹಲವು ಪಂಪ್‌ಗಳ ವಿದ್ಯುತ್ ಬಳಕೆಯನ್ನು ಬೇಡಿಕೆ ಕಡಿಮೆಯಿರುವ ಹೊತ್ತಿಗೆ ಸರಿಸಿಕೊಡುವುದು ಇನ್ನೊಂದು. ಮೊದಲನೆಯದರಿಂದಲೇ ಶುರುಮಾಡಿ. ಎರಡನೆಯದಕ್ಕೆ ಬಹಳಷ್ಟು ಯಂತ್ರಗಳೂ ವಿದ್ಯುತ್ ಕಂಪನಿಯ ಒಪ್ಪಂದವೂ ಬೇಕು. ನಿರ್ವಹಣೆಗೆ ಕೆಲವೇ ಗ್ರಾಹಕರು ಸಾಕು.

ಅಳತೆ ಸರಿಯಿಲ್ಲದಿದ್ದರೆ ಮುಂದಿನದ್ದೆಲ್ಲ ವ್ಯರ್ಥ. ಪ್ರತಿ ಯಂತ್ರಕ್ಕೂ ಒಂದು ವಿದ್ಯುತ್ ಮೀಟರ್, ಒಂದು ಫ್ಲೋ ಮೀಟರ್, ನೀರು ಹೋಗುವ ಮತ್ತು ಮರಳುವ ಪೈಪುಗಳಿಗೆ ಒಂದೊಂದು ತಾಪಮಾನ ಸೆನ್ಸರ್, ಈ ಅಂಕಿಗಳನ್ನು ಇಂಟರ್‌ನೆಟ್‌ಗೆ ಕಳಿಸುವ ಒಂದು ಗೇಟ್‌ವೇ ಹಾಕಿ. ನಿಮಿಷಕ್ಕೆ ಹರಿಯುವ ಲೀಟರನ್ನು ಎರಡು ಪೈಪುಗಳ ತಾಪಮಾನದ ವ್ಯತ್ಯಾಸದಿಂದಲೂ 0.07ರಿಂದಲೂ ಗುಣಿಸಿದರೆ ಶಾಖ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ. 20 ಲೀಟರ್, 5 ಡಿಗ್ರಿ ಎಂದರೆ 7 ಕಿಲೋವ್ಯಾಟ್. ವಿದ್ಯುತ್ 2 ಕಿಲೋವ್ಯಾಟ್ ಹೋಗುತ್ತಿದ್ದರೆ ಸಿಒಪಿ, ಅಂದರೆ ವಿದ್ಯುತ್ತಿನ ಎಷ್ಟು ಪಟ್ಟು ಶಾಖ ಸಿಕ್ಕಿತೆಂಬ ಅಳತೆ, 3.5. ಸೆನ್ಸರ್ ಒಂದೊಂದೂ ಅರ್ಧ ಡಿಗ್ರಿ ತಪ್ಪಿದರೆ, ಆ 5 ಡಿಗ್ರಿಯಲ್ಲಿ ಒಂದು ಡಿಗ್ರಿಯಷ್ಟು, ಅಂದರೆ ಶೇ. 20ರಷ್ಟು ತಪ್ಪು ನುಸುಳಬಹುದು. ಹಾಗಾಗಿ ಜೊತೆಯಾಗಿ ಹೊಂದಿಸಿ ಮಾರುವ ಪಿಟಿ1000 ಎಂಬ ಪ್ಲಾಟಿನಂ ಸೆನ್ಸರ್‌ಗಳನ್ನೇ ಕೊಳ್ಳಿ, ಪೈಪಿಗೆ ಕಟ್ಟಿದ ಮೇಲೆ ಇನ್ಸುಲೇಷನ್ ಸುತ್ತಿ.

ಯಂತ್ರದಲ್ಲಿ ಮಾಡ್‌ಬಸ್ (ಯಂತ್ರಗಳು ಅಂಕಿಗಳನ್ನು ಕೊಟ್ಟು ಪಡೆಯುವ ಸಾಮಾನ್ಯ ಭಾಷೆ) ಇದ್ದರೆ ಅದನ್ನು ಗೇಟ್‌ವೇಗೆ ಆರ್‌ಎಸ್-485 ಎಂಬ ಸಂಪರ್ಕದ ತಂತಿಯಲ್ಲಿ ಜೋಡಿಸಿ. ಉತ್ತರವೇ ಬಾರದಿದ್ದರೆ ಎ, ಬಿ ತಂತಿಗಳನ್ನು ಅದಲುಬದಲು ಮಾಡಿ ನೋಡಿ. ಉತ್ತರ ಬಂದರೂ ಅಂಕಿ ಅಸಂಬದ್ಧವಾಗಿದ್ದರೆ ರಿಜಿಸ್ಟರ್ ಸಂಖ್ಯೆ, ಅಂದರೆ ಯಂತ್ರದೊಳಗೆ ಆ ಅಂಕಿ ಇರುವ ಜಾಗದ ಸಂಖ್ಯೆ, ಒಂದು ಆಚೀಚೆಯಾಗಿರಬಹುದು. ಓದುವುದನ್ನು ಎಷ್ಟು ಸಲ ಬೇಕಾದರೂ ಮಾಡಿ. ಬರೆಯುವಾಗ ಮಾತ್ರ ಎಚ್ಚರ. ಕೆಲವು ಯಂತ್ರಗಳಲ್ಲಿ ಸೆಟ್‌ಪಾಯಿಂಟ್ (ತಲುಪಬೇಕಾದ ತಾಪಮಾನ) ಇಇಪ್ರಾಮ್ ಎಂಬ ಮೆಮೊರಿ ಚಿಪ್‌ನಲ್ಲಿ ಉಳಿಯುತ್ತದೆ. ಅದರ ಬಾಳಿಕೆ 1,00,000 ಬರಹವಾದರೆ, ನಿಮಿಷಕ್ಕೊಮ್ಮೆ ಬರೆದಾಗ ಸುಮಾರು 70 ದಿನದಲ್ಲಿ ತೀರುತ್ತದೆ. ಮೌಲ್ಯ ಬದಲಾದಾಗಷ್ಟೇ ಬರೆಯಿರಿ.

ಗ್ರಾಹಕ ದುಡ್ಡು ಕೊಡುವುದು ಗ್ರಾಫ್‌ಗಲ್ಲ, ಕೆಡುವ ಮೊದಲೇ ಬರುವ ಸೂಚನೆಗೆ. ಶಾಖದ ಬೇಡಿಕೆ ಹಾಗೇ ಇದ್ದು ತಾಪಮಾನದ ವ್ಯತ್ಯಾಸ ವಾರದಿಂದ ವಾರಕ್ಕೆ 5ರಿಂದ 8 ಡಿಗ್ರಿಗೆ ಏರುತ್ತಿದ್ದರೆ ಹರಿವು ಇಳಿಯುತ್ತಿದೆ. ನೀರು ಸೋಸುವ ಸ್ಟ್ರೈನರ್‌ನಲ್ಲಿ ಕಸ ಕಟ್ಟಿರುವ ಸಾಧ್ಯತೆ ಹೆಚ್ಚು. ಕಂಪ್ರೆಸರ್ ಗಂಟೆಗೆ ಆರಕ್ಕಿಂತ ಹೆಚ್ಚು ಸಲ ಆನ್-ಆಫ್ ಆಗುತ್ತಿದ್ದರೆ ಯಂತ್ರದ ಗಾತ್ರ ಹೆಚ್ಚಾಗಿದೆ, ಇಲ್ಲವೇ ವ್ಯವಸ್ಥೆಯಲ್ಲಿ ನೀರು ಕಡಿಮೆ. ಯಂತ್ರ ತನ್ನ ಹೊರಘಟಕದ ಮೇಲೆ ಕಟ್ಟಿದ ಹಿಮ ಕರಗಿಸುವ ನಿಮಿಷಗಳಲ್ಲಿ ಶಾಖದ ಲೆಕ್ಕ ಸೊನ್ನೆಗಿಂತ ಕೆಳಗಿಳಿಯುವುದು ಸಹಜ. ಆ ಹೊತ್ತಿನ ಎಚ್ಚರಿಕೆಗಳನ್ನು ತಡೆಹಿಡಿಯಿರಿ. ಸುಳ್ಳು ಎಚ್ಚರಿಕೆ ನಾಲ್ಕು ಬಂದರೆ ಐದನೆಯದನ್ನು ಯಾರೂ ನೋಡುವುದಿಲ್ಲ. ಶುಲ್ಕವನ್ನು ನಿಮ್ಮ ನಿಗಾದಿಂದ ಬೇಕಾಗದೆ ಹೋದ ರಿಪೇರಿ ಭೇಟಿಗಳ ಲೆಕ್ಕದಲ್ಲಿ ನಿಗದಿಮಾಡಿ. ಇಷ್ಟು ಬಿಲ್ ಉಳಿಸುತ್ತೇವೆಂದು ಮಾತು ಕೊಡಬೇಡಿ, ಹವಾಮಾನ ನಿಮ್ಮ ಕೈಯಲ್ಲಿಲ್ಲ.

ಬಳಕೆ ಸರಿಸುವ ಹಂತಕ್ಕೆ ಬಂದಾಗ ಟ್ಯಾಂಕಿನ ಲೆಕ್ಕ ಹಾಕಿ. 300 ಲೀಟರನ್ನು 45ರಿಂದ 55 ಡಿಗ್ರಿಗೆ ಏರಿಸಲು ಸುಮಾರು 3.5 ಯೂನಿಟ್ ಶಾಖ ಬೇಕು. ಸಿಒಪಿ 3 ಇದ್ದರೆ ವಿದ್ಯುತ್ 1.2 ಯೂನಿಟ್. ಒಂದು ಟ್ಯಾಂಕಿನಲ್ಲಿ ಸರಿಸಬಹುದಾದ್ದು ಇಷ್ಟೇ, ಆದ್ದರಿಂದಲೇ ಬಹಳಷ್ಟು ಯಂತ್ರಗಳು ಬೇಕು. ಕಂಪ್ರೆಸರ್ ನಿಲ್ಲಿಸಿದೊಡನೆ ಬ್ಯಾಕಪ್ ಹೀಟರ್ ಹೊತ್ತಿಕೊಂಡರೆ ಬಳಕೆ ಇಳಿಯುವ ಬದಲು ಏರುತ್ತದೆ. ಅದನ್ನು ಮೊದಲೇ ಲಾಕ್ ಮಾಡಿ. ಮರಳಿ ಆನ್ ಮಾಡುವಾಗ ಪ್ರತಿ ಯಂತ್ರಕ್ಕೂ 0–15 ನಿಮಿಷದೊಳಗೆ ಯಾದೃಚ್ಛಿಕ ವಿಳಂಬ ಕೊಡಿ, ಇಲ್ಲದಿದ್ದರೆ ಎಲ್ಲವೂ ಒಟ್ಟಿಗೆ ಎದ್ದು ಹೊಸ ಪೀಕ್ ಸೃಷ್ಟಿಸುತ್ತವೆ. ಇಂಟರ್‌ನೆಟ್ ಕಡಿದಾಗ ಯಂತ್ರ ತನ್ನ ಹಳೆಯ ಸೆಟ್ಟಿಂಗ್‌ಗೆ ತಾನೇ ಮರಳುವಂತೆ ಗೇಟ್‌ವೇಯಲ್ಲಿ ಗಡುವು ಹಾಕಿ, ಕೇಬಲ್ ಕಿತ್ತು ಪರೀಕ್ಷಿಸಿದ ಮೇಲೆಯೇ ಗ್ರಾಹಕರಿಗೆ ಒಪ್ಪಿಸಿ.